ಹಳೆಯ ಮೋಟಾರಿನ ಸದ್ದು

ಹೋದ ತಿಂಗಳು ಈ ಪುಟದಲ್ಲಿ ಬಾವಿಯ ಪಂಪಿನ ವಿಚಾರವಾಗಿ ನಾವು ಬರೆದುದನ್ನು ಓದಿದ ಕೆಲವು ಮಂದಿ ಗೃಹಸ್ಥರು, ಮನೆಯಲ್ಲಿರುವ ಹಳೆಯ ಮೋಟಾರು ಕಾರಿನ ವಿಷಯವಾಗಿಯೂ ನಾಲ್ಕು ಮಾತು ಬರೆಯಬೇಕೆಂದು ಕೇಳಿಕೊಂಡಿದ್ದಾರೆ. ಅವರೆಲ್ಲರ ದೂರೂ ಬಹುಮಟ್ಟಿಗೆ ಒಂದೇ ತೆರನಾದುದು. ಎಂಜಿನ್ನಿನಲ್ಲಿ ಏನೋ ಕಟಕಟವೆಂಬ ಸದ್ದು ಹುಟ್ಟಿದೆ. ಏರುದಾರಿಯಲ್ಲಿ ಬಂಡಿಗೆ ಮೊದಲಿನ ತ್ರಾಣವಿಲ್ಲ. ವರ್ಕ್‌ಷಾಪಿಗೆ ಒಯ್ದರೆ ಎಂಜಿನ್ನನ್ನೇ ಬಿಚ್ಚಬೇಕೆನ್ನುತ್ತಾರೆ. ಬಿಚ್ಚಿಸುವುದೇ, ಬಿಡುವುದೇ ಎಂಬುದು ಅವರ ಪ್ರಶ್ನೆ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಶಬ್ದಮಂಜರಿಯನ್ನೂ ಧಾತುರೂಪಗಳನ್ನೂ ಹೇಳಿಕೊಟ್ಟು ವಿಶ್ರಾಂತಿ ಹೊಂದಿದವರು. ಆದಾಗ್ಯೂ ಒಂದು ಹಳೆಯ ಕಾರನ್ನು ಬಹುಕಾಲ ಇಟ್ಟುಕೊಂಡವನಿಗೆ ಅದೇ ಗುರುವಾಗುವುದು. ದಕ್ಷಿಣೆಯನ್ನೂ ಅದೇ ವಸೂಲು ಮಾಡಿಕೊಳ್ಳುವುದು. ನಮಗೆ ದೊರೆತ ಪಾಠಗಳಲ್ಲಿ ಒಂದಕ್ಕೆ ದಕ್ಷಿಣೆ ತೆತ್ತವರು ಮಾತ್ರ ನಾವಲ್ಲ, ನೆರೆಮನೆಯವರು. ಅದನ್ನೂ ಮುಚ್ಚಿಡದೆ ಬರೆಯುವೆವು.

ನಮ್ಮದು 1986ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ. ನಮ್ಮ ಅಣ್ಣನವರು ಹೊಸದಾಗಿ ಕೊಂಡದ್ದು. ಅವರ ಕಾಲಾನಂತರ 2009ರಲ್ಲಿ ನಮ್ಮ ಮನೆಯಂಗಳಕ್ಕೆ ಬಂದಿತು. ಇಟಲಿಯ ಫಿಯಟ್ 1100ರ ವಂಶದಲ್ಲಿ ಹುಟ್ಟಿ, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಚಿತ್ತೂರಿನ ರಾಣಿಯ ಹೆಸರನ್ನು ಹೊತ್ತ ಈ ಬಂಡಿಯನ್ನು ನಮ್ಮ ವಯಸ್ಸಿನವರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಈ ಶತಮಾನದ ಆರಂಭದ ಹೊತ್ತಿಗೆ ಇದರ ನಿರ್ಮಾಣ ನಿಂತುಹೋಯಿತು. ಮುಂಬಯಿಯಲ್ಲಿ ಬಾಡಿಗೆಗೆ ಓಡುತ್ತಿದ್ದ ಪದ್ಮಿನಿಗಳಲ್ಲಿ ಕಟ್ಟಕಡೆಯದರ ಅವಧಿಯೂ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಎಂಜಿನ್ನು ಬಹಳ ಸರಳವಾದುದು: ನಾಲ್ಕು ಸಿಲಿಂಡರುಗಳು, ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು, ನಾಲ್ಕನ್ನೂ ಕೂಡಿಸಿದರೆ 1,089 ಘನ ಸೆಂಟಿಮೀಟರು. ಕಂಪ್ಯೂಟರು ಇಲ್ಲ, ಸೆನ್ಸಾರು ಇಲ್ಲ. ಇಂದಿನ ಕಾರುಗಳು ತಮ್ಮ ರೋಗವನ್ನು ತಾವೇ ಅಂಕೆಗಳಲ್ಲಿ ಹೇಳಿಕೊಳ್ಳುತ್ತವೆ. ನಮ್ಮದು ಹೇಳಲಾರದು, ನರಳಬಲ್ಲುದು ಅಷ್ಟೆ. ಆ ನರಳಿಕೆಯ ಅರ್ಥವನ್ನು ಕಿವಿಯಿಂದಲೇ ತಿಳಿಯಬೇಕು.

2023ರ ಮಳೆಗಾಲದಲ್ಲಿ ಬಂಡಿಯ ಬಲ ಕುಗ್ಗುತ್ತ ಬಂದಿತು. ಒಂದೇ ದಿನ ಕುಗ್ಗಿದ್ದರೆ ತಿಳಿಯುತ್ತಿತ್ತು; ತಿಂಗಳಿಂದ ತಿಂಗಳಿಗೆ ಸ್ವಲ್ಪಸ್ವಲ್ಪವಾಗಿ ಕುಗ್ಗಿದುದರಿಂದ ನಾವು ಅದಕ್ಕೆ ಹೊಂದಿಕೊಂಡುಬಿಟ್ಟೆವು. ಚಾಮುಂಡಿಬೆಟ್ಟದ ಏರನ್ನು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡನೆಯದಕ್ಕೆ ಇಳಿಯತೊಡಗಿದೆವು. ವಯಸ್ಸಾಯಿತು, ಅದಕ್ಕೂ ನಮಗೂ, ಎಂದುಕೊಂಡೆವು. ಆಗ ಹಿತೈಷಿಗಳೊಬ್ಬರು, ಡಿಸ್ಟ್ರಿಬ್ಯೂಟರನ್ನು ಕೊಂಚ ತಿರುಗಿಸಿದರೆ ಕಿಡಿ ಮುಂಚಿತವಾಗಿ ಹುಟ್ಟಿ ಬಲ ಬರುವುದೆಂದು ಉಪದೇಶಿಸಿದರು. ಒಂದು ಭಾನುವಾರ ನಾವೇ ಸ್ಪ್ಯಾನರು ಹಿಡಿದು ತಿರುಗಿಸಿದೆವು. ಬಲ ತುಸು ಬಂದಂತೆಯೂ ಕಂಡಿತು. ಆದರೆ ಮರುವಾರ ಬೆಟ್ಟದ ತಿರುವಿನಲ್ಲಿ ಗಾಜಿನ ಗೋಲಿಗಳನ್ನು ತಗಡಿನ ಡಬ್ಬದಲ್ಲಿ ಹಾಕಿ ಕುಲುಕಿದಂಥ ಸದ್ದು ಮೊದಲಾಯಿತು. ಅದಲ್ಲದೆ ಒಂದು ಗೊತ್ತಾದ ವೇಗದಲ್ಲಿ ಕಾಲಡಿಯಿಂದ ಗಡಗಡವೆಂಬ ಮತ್ತೊಂದು ಸದ್ದು. ದೊಡ್ಡದೊಂದು ವರ್ಕ್‌ಷಾಪಿಗೆ ಒಯ್ದೆವು. ಅಲ್ಲಿಯ ತರುಣರು ಬಾನೆಟ್ಟನ್ನೆತ್ತಿ ಎರಡು ಸಲ ಎಂಜಿನ್ನನ್ನು ಗರ್ಜಿಸಿ, ಬೇರಿಂಗ್ ಹೋಗಿದೆ, ಎಂಜಿನ್ನನ್ನು ಪೂರ್ತಿ ಇಳಿಸಬೇಕು, 85,000 ರೂಪಾಯಿಗಳಾಗುವುದು ಎಂದು ಕಾಗದದಲ್ಲಿ ಬರೆದುಕೊಟ್ಟರು. ನಿವೃತ್ತಿವೇತನದಲ್ಲಿ ಸಂಸಾರ ನಡೆಸುವವರಿಗೆ ಆ ಕಾಗದದ ಭಾರವೆಷ್ಟೆಂಬುದನ್ನು ವಾಚಕರು ಬಲ್ಲರು. ಗುಜರಿಗೆ ಕೊಟ್ಟುಬಿಡಿ ಎಂದು ಮಗನೂ, ಅಣ್ಣನವರ ಕೈಯಿಟ್ಟ ಬಂಡಿ ಎಂದು ನಮ್ಮ ಮನೆಯವರೂ ವಾದಿಸುತ್ತಿರಲು, ಮಿತ್ರರೊಬ್ಬರು ಹಳೆಯ ಊರಿನ ಗಲ್ಲಿಯಲ್ಲಿದ್ದ ಒಬ್ಬ ಮೇಸ್ತ್ರಿಯ ಬಳಿಗೆ ನಮ್ಮನ್ನು ಕಳುಹಿಸಿದರು.

ಆ ಮುದುಕನು ಬಾನೆಟ್ಟನ್ನು ಮುಟ್ಟಲೇ ಇಲ್ಲ. ಮುಕ್ಕಾಲು ಗಂಟೆಯ ತನಕ ಬರಿಯ ಪ್ರಶ್ನೆಗಳು. ಸದ್ದು ತಣ್ಣಗಿರುವಾಗಲೋ ಕಾದಮೇಲೋ? ನಿಂತಾಗಲೋ ಎಳೆಯುವಾಗಲೋ? ಕಾಲನ್ನು ಒತ್ತಿದಾಗ ಹೆಚ್ಚೋ ಎತ್ತಿದಾಗ ಹೆಚ್ಚೋ? ಎಣ್ಣೆ ಎಷ್ಟು ದಿನಕ್ಕೆ ಎಷ್ಟು ಇಳಿಯುವುದು? ಹೊಗೆಯ ಬಣ್ಣವೇನು? ಕೆಂಪು ದೀಪ ಎಂದಾದರೂ ಮಿಣುಕಿತೆ? ನಮ್ಮ ವೈದ್ಯಶಾಸ್ತ್ರದಲ್ಲಿ ದರ್ಶನ, ಸ್ಪರ್ಶನ, ಪ್ರಶ್ನಗಳೆಂದು ಮೂರು ಬಗೆಯ ಪರೀಕ್ಷೆಗಳನ್ನು ಹೇಳಿದೆಯಷ್ಟೆ. ಈತನು ಮೂರನೆಯದನ್ನೇ ಮೊದಲು ಹಿಡಿದಿದ್ದನು. ಕಡೆಯಲ್ಲಿ, ಇತ್ತೀಚೆಗೆ ಯಾರಾದರೂ ಇದರ ಮೇಲೆ ಕೈಯಾಡಿಸಿದರೆ ಎಂದು ಕೇಳಿದನು. ಯಾರೂ ಇಲ್ಲವೆಂದೆವು. ಆತನು ಬಾನೆಟ್ಟನ್ನೆತ್ತಿ, ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟಿನ ಮೇಲೆ ಹೊಳೆಯುತ್ತಿದ್ದ ಹೊಸ ಗೀರನ್ನು ತೋರಿಸಿ, ನಮ್ಮ ಮುಖವನ್ನು ನೋಡಿದನು. ಮನೆಪಾಠವನ್ನು ಬರೆಯದೆ ಬಂದ ಹುಡುಗರ ಮುಖವನ್ನು ನಾವು ಎಷ್ಟು ಸಲ ಹಾಗೆ ನೋಡಿದ್ದೆವೋ! ಒಪ್ಪಿಕೊಂಡೆವು.

ಇನ್ನು ಸದ್ದುಗಳ ವಿಚಾರ. ಇದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಯಾಕೆಂದರೆ ಬಹುತೇಕ ಗೃಹಸ್ಥರು ಸದ್ದನ್ನು ಅದರ ರೂಪದಿಂದ ಗುರುತಿಸಹೋಗಿ ಮೋಸಹೋಗುವರು. ಟಕಟಕವೋ ಕಟಕಟವೋ ಎಂಬುದು ಒಬ್ಬೊಬ್ಬರ ಕಿವಿಗೆ ಒಂದೊಂದು ಬಗೆ. ಲೋಹವು ಸದ್ದನ್ನು ಹೊತ್ತುಕೊಂಡು ಹೋಗುವುದರಿಂದ ಹಿಂದಿನ ಕೊಳವೆಯ ಸದ್ದು ಮುಂದಿನ ಎಂಜಿನ್ನಿನಲ್ಲಿಯೂ ಕೇಳಿಸುವುದು. ಆದುದರಿಂದ ಕೇಳಬೇಕಾದುದು, ಸದ್ದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು.

ಬೆಳಿಗ್ಗೆ ತಣ್ಣಗಿರುವಾಗ ಎಬ್ಬಿಸಿದ ಕೂಡಲೆ ಮಂದವಾದ ತಟ್ಟುವಿಕೆ ಕೇಳಿ, ಎಂಜಿನ್ನು ಕಾದಂತೆಲ್ಲ ಅಡಗಿದರೆ, ಸವೆದ ಸಿಲಿಂಡರಿನ ಗೋಡೆಗೆ ಪಿಸ್ಟನ್ನು ಬಡಿಯುತ್ತಿದೆಯೆಂದು ತಿಳಿಯಬೇಕು. ಕಾದ ಪಿಸ್ಟನ್ನು ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ನಿಲ್ಲುವುದು. ಮುಪ್ಪಿನ ಲಕ್ಷಣವಿದು, ಇದರೊಡನೆ ವರ್ಷಗಟ್ಟಲೆ ಬಾಳಬಹುದು. ಎಲ್ಲ ವೇಗಗಳಲ್ಲಿಯೂ, ಕಾದರೂ ತಣಿದರೂ, ಮೇಲುಗಡೆಯಿಂದ ಹೊಲಿಗೆಯಂತ್ರದಂತೆ ಹಗುರವಾಗಿ ಟಿಕ್ಕೆನ್ನುವುದು ಟ್ಯಾಪೆಟ್ಟಿನದು. ಕವಾಟಗಳನ್ನು ತೆರೆಯುವ ಕ್ಯಾಮಿನ ದಂಡವು ಎಂಜಿನ್ನು ಎರಡು ಸುತ್ತು ಸುತ್ತುವಲ್ಲಿ ಒಂದೇ ಸುತ್ತು ಸುತ್ತುವುದರಿಂದ ಈ ಸದ್ದಿನ ತಾಳವು ಎಂಜಿನ್ನಿನ ತಾಳದಲ್ಲಿ ಅರ್ಧ. ಕಿವಿಗೆ ಸ್ವಲ್ಪ ಅಭ್ಯಾಸವಾದರೆ ಈ ವಿಳಂಬವು ಸ್ಪಷ್ಟವಾಗಿ ತಿಳಿಯುವುದು. ಕವಾಟದ ತುದಿಯಲ್ಲಿ ಬಿಡಬೇಕಾದ ಕೂದಲೆಳೆಯಷ್ಟು ಸಂದು ಹೆಚ್ಚಾದುದೇ ಇದಕ್ಕೆ ಕಾರಣ. ಕೈಪಿಡಿಯಲ್ಲಿ ಹೇಳಿದ ಅಳತೆಗೆ ತಂದರೆ ತೀರಿತು. ಇಲ್ಲಿ ಒಂದು ಎಚ್ಚರಿಕೆ. ಸದ್ದನ್ನು ಪೂರ್ತಿ ಅಡಗಿಸಬೇಕೆಂದು ಕೆಲವರು ಸಂದನ್ನೇ ಇಲ್ಲದಂತೆ ಬಿಗಿಸಿಬಿಡುವರು. ಆಗ ಕವಾಟವು ತನ್ನ ಪೀಠದಲ್ಲಿ ಪೂರ್ತಿ ಕೂರದೆ, ಬೆಂಕಿಯು ಅದರ ಅಂಚನ್ನು ಸುಟ್ಟು, ಬಲವು ಸದ್ದಿಲ್ಲದೆ ಸೋರಿಹೋಗುವುದು. ತುಸು ಗಲಾಟೆಯಿರುವ ತರಗತಿಗಿಂತ ಪೂರ್ತಿ ಮೌನವಾದ ತರಗತಿಯ ವಿಷಯದಲ್ಲಿಯೇ ಉಪಾಧ್ಯಾಯನು ಹೆಚ್ಚು ಶಂಕಿಸಬೇಕೆಂಬುದು ನಮ್ಮ ಅನುಭವ.

ಭಯಪಡಬೇಕಾದುದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗಿನ ಬಡಿತಕ್ಕೆ. ಪಿಸ್ಟನ್ನಿನ ನೂಕನ್ನು ಕ್ರ್ಯಾಂಕಿನ ದಂಡಕ್ಕೆ ಮುಟ್ಟಿಸುವ ಕೀಲು ಅದು. ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುವುದು. ಬೇರಿಂಗ್ ಸವೆದು ಸಂದು ಹೆಚ್ಚಿದರೆ ಎಣ್ಣೆ ಅಲ್ಲಿಂದ ಸೋರಿ, ಒತ್ತಡ ಇಳಿದು, ಲೋಹವು ಲೋಹವನ್ನು ಬಡಿಯುವುದು. ಈ ಸದ್ದು ಗಟ್ಟಿಯಾದುದು, ಬಾಗಿಲನ್ನು ಬೆರಳಗಣ್ಣಿನಿಂದ ತಟ್ಟಿದಂತೆ. ತಾಳವು ಟ್ಯಾಪೆಟ್ಟಿನ ಇಮ್ಮಡಿ. ತಣ್ಣಗಿರುವಾಗ ಎಣ್ಣೆ ಗಟ್ಟಿಯಾಗಿರುವುದರಿಂದ ಅಡಗಿರಬಹುದು. ಕಾದು ಎಣ್ಣೆ ತೆಳುವಾದಮೇಲೆ ಬಯಲಾಗುವುದು. ಒಂದು ವೇಗವನ್ನು ಹಿಡಿದು ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಎತ್ತಿದ ಕ್ಷಣದಲ್ಲಿ ಚೆನ್ನಾಗಿ ಕೇಳಿಬರುವುದು. ಇದರೊಡನೆ ಎಣ್ಣೆಯ ಕೆಂಪು ದೀಪವೂ ಮಿಣುಕಿದರೆ, ಅಲ್ಲಿಯೇ ನಿಲ್ಲಿಸಿ ಇನ್ನೊಂದು ಬಂಡಿಗೆ ಕಟ್ಟಿ ಎಳೆಸಿಕೊಂಡು ಹೋಗತಕ್ಕದ್ದು. ಕ್ರ್ಯಾಂಕಿನ ಮುಖ್ಯ ಬೇರಿಂಗುಗಳ ಸದ್ದು ಇನ್ನೂ ಆಳವಾದುದು, ಭಾರ ಬಿದ್ದಾಗ ತಳದಿಂದ ಗುಡುಗುವುದು. ಅದಕ್ಕೂ ಇದೇ ವಿಧಿ.

ಮೇಸ್ತ್ರಿಯು ಬೇರಿಂಗಿನ ಆಪಾದನೆಯನ್ನು ವಿಚಾರಿಸಿದ ರೀತಿಯು ನಮಗೆ ಬಹಳ ಹಿಡಿಸಿತು. ಎಂಜಿನ್ನು ಚೆನ್ನಾಗಿ ಕಾದಮೇಲೆ, ರಬ್ಬರಿನ ಹಿಡಿಯ ಇಕ್ಕಳದಿಂದ ಒಂದೊಂದಾಗಿ ಪ್ಲಗ್ಗಿನ ಕಿಡಿಯನ್ನು ಎಂಜಿನ್ನಿನ ಮೈಗೆ ಇಳಿಸಿ, ಆ ಸಿಲಿಂಡರು ಕೆಲಸ ಮಾಡದಂತೆ ಮಾಡಿದನು. ದೊಡ್ಡ ತುದಿಯ ಬೇರಿಂಗ್ ಹೋಗಿದ್ದರೆ, ಆ ಸಿಲಿಂಡರಿನ ಸ್ಫೋಟ ನಿಂತಾಗ ಬಡಿತವೂ ಕುಗ್ಗಬೇಕು. ಕಿಡಿ ಕೊಟ್ಟಾಗ ಮರಳಿ ಬರಬೇಕು. ನಮ್ಮ ತರ್ಕಶಾಸ್ತ್ರದವರು ಅನ್ವಯ ವ್ಯತಿರೇಕಗಳೆಂದು ಕರೆಯುವುದು ಇದನ್ನೇ: ಒಂದಿದ್ದರೆ ಇನ್ನೊಂದಿರುವುದು, ಅದಿಲ್ಲದಿದ್ದರೆ ಇದೂ ಇಲ್ಲದಿರುವುದು, ಈ ಎರಡೂ ಸಿದ್ಧವಾದಲ್ಲದೆ ಕಾರ್ಯಕಾರಣಭಾವವನ್ನು ಒಪ್ಪತಕ್ಕದ್ದಲ್ಲ. ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ್ದ ಮಾತು, ಗ್ರೀಸಿನ ಕೈಯೊಂದು ಪ್ರಯೋಗಿಸಿ ತೋರಿಸಿದಾಗ ಮೊದಲ ಸಲ ನಮಗೆ ಅರ್ಥವಾಯಿತೆಂದರೆ ಅತಿಶಯೋಕ್ತಿಯಲ್ಲ. ನಾಲ್ಕು ಸಿಲಿಂಡರುಗಳಲ್ಲಿ ಯಾವುದನ್ನು ನಿಲ್ಲಿಸಿದರೂ ಸದ್ದಿನಲ್ಲಿ ವ್ಯತ್ಯಾಸವಾಗಲಿಲ್ಲ. ಬೇರಿಂಗ್ ನಿರ್ದೋಷಿ.

ಈ ಪರೀಕ್ಷೆಯನ್ನು ವಾಚಕರು ಮನೆಯಲ್ಲಿ ತಾವಾಗಿ ಮಾಡಬಾರದು. ಆ ತಂತಿಯಲ್ಲಿ ಸಹಸ್ರಾರು ವೋಲ್ಟುಗಳ ವಿದ್ಯುತ್ತಿರುವುದು. ಕಂಪ್ಯೂಟರುಳ್ಳ ಈಚಿನ ಕಾರುಗಳಲ್ಲಂತೂ ಹೀಗೆ ಮಾಡಿದರೆ ಕಿಡಿಯ ಉಪಕರಣವೂ ಹೊಗೆಯನ್ನು ಶೋಧಿಸುವ ಪೆಟ್ಟಿಗೆಯೂ ಕೆಡುವುವು. ಓಡುತ್ತಿರುವ ಎಂಜಿನ್ನಿನ ಮೇಲೆ ಬಾಗುವಾಗ ಉತ್ತರೀಯವನ್ನು ಮನೆಯಲ್ಲಿಟ್ಟು ಬರಬೇಕೆಂಬುದನ್ನೂ ಹೇಳಿಬಿಡುವೆವು. ನಮ್ಮದೊಂದು ಜರಿಯಂಚಿನ ಶಲ್ಯವು ಫ್ಯಾನಿನ ಪಾಲಾಗಿದೆ.

ಹಾಗಾದರೆ ಬೆಟ್ಟದಲ್ಲಿ ಕೇಳಿದ ಗೋಲಿಗಳ ಸದ್ದು ಏನು? ಅದಕ್ಕೆ ಪಿಂಕಿಂಗ್ ಎಂದು ಹೆಸರು. ಪಿಸ್ಟನ್ನು ಮೇಲಕ್ಕೇರುವ ಕೊನೆಯ ಗಳಿಗೆಯಲ್ಲಿ ಪ್ಲಗ್ಗಿನ ಕಿಡಿ ಹಾರಿ, ಪೆಟ್ರೋಲಿನ ಆವಿಯು ಒಂದು ಕಡೆಯಿಂದ ಕ್ರಮವಾಗಿ ಉರಿಯುತ್ತ ಹೋಗಬೇಕು. ಕಿಡಿ ಅತಿಯಾಗಿ ಮುಂಚಿತವಾದರೆ, ಉರಿಯದೆ ಉಳಿದ ಆವಿಯು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಮೂಲೆಯಲ್ಲಿ ತಾನಾಗಿಯೇ ಒಮ್ಮೆಗೇ ಸಿಡಿಯುವುದು. ಆ ಸಿಡಿತದ ಅಲೆಗಳು ಲೋಹವನ್ನು ಬಡಿದಾಗಲೇ ಝಣಝಣವೆನ್ನುವುದು. ಕಡಿಮೆ ದರ್ಜೆಯ ಪೆಟ್ರೋಲು, ಒಳಗೆ ಕಟ್ಟಿದ ಕರಿ, ಅತಿಯಾದ ಕಾವು, ಗಾಳಿ ಹೆಚ್ಚಾಗಿ ತೆಳುವಾದ ಮಿಶ್ರಣ, ಇವೂ ಕಾರಣಗಳಾಗಬಹುದು. ಕಾಲನ್ನು ಒತ್ತಿ ಎಂಜಿನ್ನಿಗೆ ಭಾರ ಹೊರಿಸಿದಾಗ ಬರುವುದು, ಕಾಲನ್ನು ಸಡಿಲಿಸಿದೊಡನೆ ಹೋಗುವುದು, ಇದೇ ಇದರ ಗುರುತು. ಬೇರಿಂಗಿನದಕ್ಕೆ ಇದು ವಿರುದ್ಧವಾದುದೆಂಬುದನ್ನು ಗಮನಿಸಬೇಕು. ಸದ್ದು ಸಣ್ಣದೆಂದು ಉಪೇಕ್ಷಿಸುವ ಹಾಗಿಲ್ಲ. ಬಹುಕಾಲ ಬಿಟ್ಟರೆ ಪಿಸ್ಟನ್ನಿನ ತಲೆಯೇ ತೂತಾಗಬಹುದು. ನಮ್ಮ ಬಂಡಿಯಲ್ಲಿ ಇದಕ್ಕೆ ಕಾರಣ ನಮ್ಮ ಭಾನುವಾರದ ಪಾಂಡಿತ್ಯವೇ. ಮೇಸ್ತ್ರಿಯು ಕಿಡಿಯನ್ನು ಗುರುತಿನ ಗೆರೆಗೆ ಮರಳಿಸಿದನು, ಗೋಲಿಗಳು ನಿಂತುವು. ಬಲ ಮಾತ್ರ ಇನ್ನಷ್ಟು ಕುಗ್ಗಿತು! ಮೂಲರೋಗವು ಬೇರೆಯೇ ಆಗಿದ್ದಿತು.

ಬಲಹೀನತೆಯನ್ನು ವಿಚಾರಿಸುವಾಗ ಮೊದಲು ಎಂಜಿನ್ನಿನ ಹೊರಗೆ ನೋಡಬೇಕೆಂಬುದು ಆತನ ಮತ. ಬ್ರೇಕು ಹಿಡಿದುಕೊಂಡೇ ಇದ್ದರೆ ಬಂಡಿ ಹೇಗೆ ಓಡೀತು? ಸ್ವಲ್ಪ ದೂರ ಓಡಿಸಿ, ಚಕ್ರದ ಬಟ್ಟಲಿನ ಹತ್ತಿರ ಅಂಗೈಯನ್ನು ಮುಟ್ಟಿಸದೆ ಹಿಡಿದು ಶಾಖವನ್ನು ಹೋಲಿಸಿ ನೋಡಬೇಕು. ಎಂಜಿನ್ನು ಕೂಗಿದಷ್ಟು ಬಂಡಿ ಓಡದಿದ್ದರೆ ಕ್ಲಚ್ಚು ಜಾರುತ್ತಿದೆ. ಚೋಕು ಪೂರ್ತಿ ತೆರೆದಿದೆಯೆ, ಕಾಲು ಪೂರ್ತಿ ಒತ್ತಿದಾಗ ಕಾರ್ಬ್ಯುರೇಟರಿನ ಬಾಯಿಯೂ ಪೂರ್ತಿ ತೆರೆಯುವುದೆ, ಗಾಳಿಯ ಜಾಲರಿ ಧೂಳಿನಿಂದ ಕಟ್ಟಿದೆಯೆ, ಇವೆಲ್ಲ ಕಾಸಿನ ಖರ್ಚಿಲ್ಲದ ಪರೀಕ್ಷೆಗಳು.

ಅನಂತರ ಪೆಟ್ರೋಲು. ಈಚಿನ ವರ್ಷಗಳಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಪ್ರಮಾಣವು ಏರುತ್ತ ಬಂದು 2025ರಲ್ಲಿ ನೂರಕ್ಕೆ 20 ಭಾಗವನ್ನು ಮುಟ್ಟಿತು. ಇದು ದೇಶಕ್ಕೆ ಹಿತವೇ ಅಲ್ಲವೇ ಎಂಬ ಚರ್ಚೆ ನಮ್ಮ ಅಧಿಕಾರಕ್ಕೆ ಮೀರಿದುದು. ಆದರೆ ಹಳೆಯ ಬಂಡಿಗಳ ರಬ್ಬರಿನ ಕೊಳವೆಗಳೂ ಪಂಪಿನೊಳಗಿನ ಪರದೆಯೂ ಇದನ್ನು ನೆನೆದು ಮಾಡಿದುವಲ್ಲ. ಅವು ಉಬ್ಬಿಯೋ ಬಿರಿದೋ ಹೋಗಬಹುದು. ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದಾದುದರಿಂದ, ತಿಂಗಳುಗಟ್ಟಲೆ ನಿಂತ ಬಂಡಿಯ ಟ್ಯಾಂಕು ತುಕ್ಕು ಹಿಡಿದು, ಆ ತುಕ್ಕಿನ ಪುಡಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಕೂರುವುದು. ಕೊಳವೆಗಳನ್ನು ಹೊಸ ಬಗೆಯ ರಬ್ಬರಿನವಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ನಾವು ಬದಲಾಯಿಸಿಕೊಂಡೆವು.

ಹೊಗೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕದ ವಿದ್ಯಾರ್ಥಿಯ ಮೊದಲನೆಯ ಪಾಠ. ಮೋಟಾರಿನಲ್ಲಿ ಬೆಂಕಿಯಿರುವುದು ಗೊತ್ತೇ ಇದೆ. ಇಲ್ಲಿ ಊಹಿಸಬೇಕಾದುದು ಬೆಂಕಿಗೆ ಬಿದ್ದುದು ಯಾವುದೆಂಬುದನ್ನು. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿದೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಅಂದರೆ ರಿಂಗುಗಳೋ ಕವಾಟದ ಗೈಡುಗಳೋ ಸವೆದಿವೆ. ಎಂಜಿನ್ನು ಕಾದಮೇಲೂ ಬಿಳಿಯ ಆವಿ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ. ಚಳಿಗಾಲದ ಬೆಳಗಿನ ಬಿಳಿಯ ಆವಿಗೆ ಹೆದರಬೇಕಾದುದಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೂ ಇದೇ ಕಥೆ ತಿಳಿಯುವುದು: ತುದಿಯು ತಿಳಿಯಾದ ಕಂದು ಬಣ್ಣವಾಗಿದ್ದರೆ ಸೌಖ್ಯ, ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು, ಜಿಡ್ಡಾಗಿದ್ದರೆ ಎಣ್ಣೆ, ಸುಣ್ಣದಂತೆ ಬೆಳ್ಳಗಿದ್ದರೆ ಕಾವು ಹೆಚ್ಚು. ನಮ್ಮವು ಕಂದಾಗಿದ್ದುವು.

ಕಡೆಗೆ ಸಿಲಿಂಡರುಗಳ ಒತ್ತಡದ ಪರೀಕ್ಷೆ. ಎಂಜಿನ್ನನ್ನು ಕಾಯಿಸಿ, ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಕಿಡಿಯನ್ನು ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟರಿನಿಂದ ತಿರುಗಿಸುತ್ತ ಒಂದೊಂದು ರಂಧ್ರದಲ್ಲಿಯೂ ಗಡಿಯಾರದಂಥ ಮಾಪಕವನ್ನಿಟ್ಟು ನೋಡುವರು. ಅಂಕೆ ಎಷ್ಟೆಂಬುದಕ್ಕಿಂತ ನಾಲ್ಕೂ ಸರಿಸಮಾನವಾಗಿವೆಯೆ ಎಂಬುದೇ ಮುಖ್ಯ. ಒಂದರಲ್ಲಿ ಕಡಿಮೆಯಾದರೆ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಬೇಕು. ಅಂಕೆ ಏರಿದರೆ ದೋಷ ರಿಂಗಿನದು, ಯಾಕೆಂದರೆ ಎಣ್ಣೆಯು ಆ ಸಂದನ್ನು ಮುಚ್ಚಿತು, ಏರದಿದ್ದರೆ ಕವಾಟದ್ದು. ಅಕ್ಕಪಕ್ಕದ ಎರಡರಲ್ಲಿ ಕಡಿಮೆಯಾದರೆ ನಡುವಣ ಗ್ಯಾಸ್ಕೆಟ್ಟು ಸುಟ್ಟಿದೆ. ಅರ್ಧ ಗಂಟೆಯ ಕೆಲಸ. ಎಂಜಿನ್ನನ್ನು ಬಿಚ್ಚಬೇಕೆಂದು ಹೇಳಿದವರನ್ನು ಮೊದಲು ಈ ನಾಲ್ಕು ಅಂಕೆಗಳನ್ನು ಬರೆದುಕೊಡಿರೆಂದು ಕೇಳುವ ಹಕ್ಕು ಗೃಹಸ್ಥನಿಗೆ ಉಂಟು. ನಮಗೆ 85,000 ರೂಪಾಯಿಗಳ ಕಾಗದ ಬರೆದುಕೊಟ್ಟವರಲ್ಲಿ ಈ ಅಂಕೆಗಳಿರಲಿಲ್ಲ. ನಮ್ಮ ನಾಲ್ಕು ಸಿಲಿಂಡರುಗಳೂ ಹೆಚ್ಚುಕಡಮೆ ಸಮವಾಗಿದ್ದುವು.

ಉಸಿರು ಒಳಗೆ ಹೋಗುತ್ತಿದೆ, ಕಿಡಿ ಸರಿಯಾಗಿದೆ, ಒತ್ತಡವಿದೆ, ಆದರೂ ಬಲವಿಲ್ಲ. ಹಾಗಾದರೆ ಉಸಿರು ಹೊರಗೆ ಹೋಗುತ್ತಿಲ್ಲವೆಂದು ಹೇಳಿ ಮೇಸ್ತ್ರಿಯು ಬಂಡಿಯ ಕೆಳಗೆ ಮಲಗಿದನು. ಸೈಲೆನ್ಸರು ತಣಿದಮೇಲೆ ಅದನ್ನು ಮುಷ್ಟಿಯಿಂದ ಗುದ್ದಲು ಒಳಗೆ ತಗಡೊಂದು ಗಡಗಡವೆಂದು ಉತ್ತರ ಕೊಟ್ಟಿತು. ಸದ್ದನ್ನಡಗಿಸುವ ಸಲುವಾಗಿ ಅದರೊಳಗಿರುವ ಅಡ್ಡತಗಡುಗಳಲ್ಲಿ ಒಂದು ತುಕ್ಕಿನಿಂದ ಕಳಚಿ, ದಾರಿಗೆ ಅಡ್ಡಲಾಗಿ ಬಿದ್ದಿದ್ದಿತು. ಗೊತ್ತಾದ ವೇಗದಲ್ಲಿ ಅದು ಕಂಪಿಸುವಾಗ ಕೇಳಿದುದೇ ನಮ್ಮ ಕಾಲಡಿಯ ಸದ್ದು. ಅದೇ ಹೊಗೆಯನ್ನು ತಡೆದು ಎಂಜಿನ್ನಿನ ಬಲವನ್ನೂ ಹೀರುತ್ತಿದ್ದಿತು. ನಿಶ್ಚಯಕ್ಕಾಗಿ ಮುಂದಿನ ಕೊಳವೆಯ ಕೀಲನ್ನು ಸಡಿಲಿಸಿ ಗಲ್ಲಿಯ ಏರಿನಲ್ಲಿ ಒಮ್ಮೆ ಓಡಿಸಿದನು. ಬಂಡಿಯು ಬೀದಿಯ ಜನರೆಲ್ಲ ಹೊರಗೆ ಬಂದು ನೋಡುವಂತೆ ಅಬ್ಬರಿಸಿತು. ಆದರೆ ಮೂರನೆಯ ಗೇರಿನಲ್ಲಿಯೇ ಏರಿತು. ಹೊಸ ಸೈಲೆನ್ಸರಿಗೂ ಕೂಲಿಗೂ ಸೇರಿ ನಾವು ಕೊಟ್ಟುದು 4,600 ರೂಪಾಯಿಗಳು. ಬಿರುಕುಬಿಟ್ಟ ಕೊಳವೆಯಿಂದ ಬರುವ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿರುವುದರಿಂದ, ಮುಚ್ಚಿದ ಷೆಡ್ಡಿನಲ್ಲಿ ಇಂಥ ಬಂಡಿಯನ್ನು ಎಂದಿಗೂ ಓಡಿಸಿ ನಿಲ್ಲಿಸಬಾರದೆಂದು ಆತನು ಎರಡು ಸಲ ಹೇಳಿ ಕಳುಹಿಸಿದನು.

ಇಷ್ಟಾದಮೇಲೆ ನಾವು ಬೀದಿಯಲ್ಲಿ ಮೋಟಾರು ಪಂಡಿತರಾದೆವು. ಕಥೆಯನ್ನು ಹತ್ತಾರು ಸಲ ಹೇಳಿದೆವು. ಹೇಳಿದ ಹಾಗೆಲ್ಲ ಅದರಲ್ಲಿ ನಮ್ಮ ಪಾಲು ಬೆಳೆಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುವೆವು.

2024ರ ದಸರೆ ಮುಗಿದ ವಾರ, ನೆರೆಮನೆಯವರು ತಮ್ಮ ಅಂಬಾಸಡರನ್ನು ನಮ್ಮ ಬಾಗಿಲಿಗೆ ತಂದರು. 1,489 ಘನ ಸೆಂಟಿಮೀಟರಿನ ಪೆಟ್ರೋಲಿನ ಬಂಡಿ. ಅವರು ಅದನ್ನು ಮಗುವಿನಂತೆ ಸಾಕಿದ್ದರು. ಎಂಜಿನ್ನಿನಲ್ಲಿ ಸದ್ದಾಗುತ್ತಿದೆ, ನಾಳೆ ಹಾಸನಕ್ಕೆ ಹೋಗಬೇಕು, ಹೋಗಬಹುದೆ ಎಂದು ಕೇಳಿದರು. ಬೆಳಗಿನ ಸಮಯ, ಎಂಜಿನ್ನು ತಣ್ಣಗಿದ್ದಿತು. ನಾವು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದೇ ಎರಡು ನಿಮಿಷ ಕೇಳಿ, ಟ್ಯಾಪೆಟ್ಟು, ನಮ್ಮದರಲ್ಲಿಯೂ ಹೀಗೆಯೇ ಇತ್ತು, ಧಾರಾಳವಾಗಿ ಹೋಗಿ ಬನ್ನಿರೆಂದೆವು. ಕೆಂಪು ದೀಪ ಒಮ್ಮೊಮ್ಮೆ ಮಿಣುಕುವುದೆಂದು ಅವರು ಹೇಳಿಯೇ ಹೇಳಿದರು. ತಂತಿ ಸಡಿಲವಾಗಿರಬೇಕೆಂದೆವು. ಕಾಯಿಸಿ ಕೇಳಲಿಲ್ಲ, ಕಾಲನ್ನೆತ್ತಿ ಕೇಳಲಿಲ್ಲ, ತಾಳವನ್ನು ಎಣಿಸಲಿಲ್ಲ, ಮೇಸ್ತ್ರಿಯ ಬಳಿಗೆ ಕಳುಹಿಸಲಿಲ್ಲ. ಮೇಲೆ ಬರೆದುದೆಲ್ಲವನ್ನೂ ಆ ದಿನವೂ ನಾವು ಬಲ್ಲೆವು.

ಮರುದಿನ ಸಂಜೆ ಹಿಂದಿರುಗುವಾಗ, ಹೊಳೆನರಸೀಪುರವನ್ನು ದಾಟಿ ಈಚೆಗೆ, ಕನೆಕ್ಟಿಂಗ್ ರಾಡು ಮುರಿದು ಎಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಬಂದಿತು. ಎಣ್ಣೆಯೆಲ್ಲ ರಸ್ತೆಯ ಮೇಲೆ ಚೆಲ್ಲಿತು. ದೇವರ ದಯೆಯಿಂದ ಹಿಂದೆ ಬರುತ್ತಿದ್ದ ಬಂಡಿಗಳು ದೂರವಿದ್ದುವು. ಅವರೂ ಅವರ ಪತ್ನಿಯೂ ಆರು ವರ್ಷದ ಮೊಮ್ಮಗಳೂ ರಾತ್ರಿ ಹನ್ನೊಂದರ ತನಕ ಬೇಲಿಯ ಬದಿಯಲ್ಲಿ ಕುಳಿತಿದ್ದು, ಲಾರಿಯವನೊಬ್ಬನ ಉಪಕಾರದಿಂದ ಊರು ಸೇರಿದರು. ಒಡೆದ ಎಂಜಿನ್ನನ್ನು ಮೇಸ್ತ್ರಿಗೆ ತೋರಿಸಲು ನಾವೇ ಕರೆದೊಯ್ದೆವು. ಆತನು ತಳದಿಂದ ಬೇರಿಂಗಿನ ಚೂರೊಂದನ್ನು ಹೆಕ್ಕಿ ತೆಗೆದನು. ಅದು ಬಾಳೆಲೆಯ ಹಾಗೆ ತೆಳುವಾಗಿದ್ದಿತು. ಹದಿನೈದು ದಿನ ಮುಂಚೆ ತಂದಿದ್ದರೆ ಬೇರಿಂಗುಗಳನ್ನು ಹೊಸದಾಗಿ ಹಾಕಿ, ಕ್ರ್ಯಾಂಕನ್ನು ಉಜ್ಜಿಸಿ ಉಳಿಸಬಹುದಾಗಿತ್ತೆಂದನು. ದೀಪ ಮಿಣುಕಲಿಲ್ಲವೆ ಎಂದು ಕೇಳಿದನು. ನೆರೆಯವರು ನಮ್ಮ ಕಡೆಗೆ ನೋಡದೆ, ಗಮನಿಸಲಿಲ್ಲವೆಂದರು.

ಅಂಬಾಸಡರಿನ ನಿರ್ಮಾಣವು 2014ರಲ್ಲಿಯೇ ನಿಂತಿತಷ್ಟೆ. ಒಪ್ಪುವ ಎಂಜಿನ್ನನ್ನು ಹುಡುಕಿಸುವ ಮನಸ್ಸು ಅವರಿಗೆ ಬರಲಿಲ್ಲ. ತೂಕಕ್ಕೆ ಕೊಟ್ಟುಬಿಟ್ಟರು. ಮಾರಿದ ದಿನ ಸಂಜೆ ನಮ್ಮ ಮನೆಗೆ ಬಂದು, ಅದರ ಜಾಕಿಯನ್ನೂ ಟ್ಯಾಪೆಟ್ಟಿನ ಸಂದನ್ನು ಅಳೆಯುವ ಉಕ್ಕಿನ ಎಲೆಗಳನ್ನೂ ಮೇಜಿನ ಮೇಲಿಟ್ಟು, ನಿಮಗೆ ಉಪಯೋಗಕ್ಕೆ ಬಂದೀತೆಂದರು. ದೀಪದ ಮಾತನ್ನು ನಾವೇ ಎತ್ತಿದೆವು. ಅವರು ಬೇರೆ ಮಾತಿಗೆ ಹೊರಳಿದರು. ಈಗ ಅವರಿಗೆ ಹಾಸನಕ್ಕೆ ಹೋಗಬೇಕಾದಾಗಲೆಲ್ಲ ನಮ್ಮ ಪದ್ಮಿನಿಯೇ ಹೋಗಿ ಬರುವುದು. ಹೊರಡುವ ಮುನ್ನ ಎಂಜಿನ್ನನ್ನು ಕಾಲುಗಂಟೆ ಕಾಯಿಸಿ, ಇಬ್ಬರೂ ಬಾನೆಟ್ಟಿನ ಎರಡು ಪಕ್ಕಗಳಲ್ಲಿ ನಿಂತು, ಕಾಲನ್ನು ಒತ್ತಿಸಿಯೂ ಎತ್ತಿಸಿಯೂ ಕೇಳುವೆವು. ಕಾಲಿಡುವ ಕೆಲಸವನ್ನು ಅವರ ಮೊಮ್ಮಗಳು ತನಗೇ ಬೇಕೆನ್ನುತ್ತಾಳೆ. ಅವಳ ಕಾಲು ಇನ್ನೂ ಎಟುಕದು.

ರೇಡಿಯೇಟರಿನ ನೀರಿನ ವಿಚಾರವಾಗಿ ಕೇಳಿರುವವರಿಗೆ ಮುಂದಿನ ತಿಂಗಳು ಉತ್ತರ ಬರೆಯುವೆವು.